ಪಥ್ಯ ಎಂಬ ಉಪವಾಸ

ಜಮಖಂಡಿಯಿಂದ ಬೀಳಗಿಯವರೆಗೆ ಯಾವ ಊರಿಗೆ ಹೋದರೂ ಕಾಮಣಿ, ಅಂದರೆ ಕಾಮಾಲೆ, ಆದವನ ತಾಟು ಒಂದೇ ನಮೂನಿ. ಮೆತ್ತಗಿನ ಅನ್ನ, ಅದರ ಮೇಲೆ ನೀರು ಮಜ್ಜಿಗೆ. ಎಣ್ಣೆ ಇಲ್ಲ, ಉಪ್ಪಿಲ್ಲ, ಬೇಳೆ ಇಲ್ಲ, ರೊಟ್ಟಿ ಇಲ್ಲ. ತತ್ತಿಯ ಮಾತಂತೂ ಎತ್ತುವಂತೆಯೇ ಇಲ್ಲ. ಅರಿಸಿಣ ಬಿದ್ದ ಪಲ್ಯ ಅವನ ಕಣ್ಣಿಗೂ ಬೀಳಬಾರದು. ನಡುನಡುವೆ ಒಂದೊಂದು ಲೋಟ ಕಬ್ಬಿನ ಹಾಲು. ಇದಕ್ಕೆ ಪಥ್ಯ ಅಂತ ಹೆಸರು. ಇದನ್ನು ಕಟ್ಟುನಿಟ್ಟಾಗಿ ಹಿಡಿದವನು ಉಳಿಯುತ್ತಾನೆ, ಮುರಿದವನು ಹೋಗುತ್ತಾನೆ ಎಂಬ ನಂಬಿಕೆ ಮುಧೋಳದ ವಕೀಲರ ಮನೆಯಲ್ಲೂ ಅದೇ, ರಬಕವಿಯ ಮಗ್ಗದ ಮನೆಯಲ್ಲೂ ಅದೇ, ಹೊಲದ ಗುಡಿಸಲಲ್ಲೂ ಅದೇ. ಈ ಭಾಗದಲ್ಲಿ ಜಾತಿ ಭೇದವಿಲ್ಲದೆ ಎಲ್ಲರೂ ಒಪ್ಪಿಕೊಂಡ ಶಾಸ್ತ್ರ ಬಹುಶಃ ಇದೊಂದೇ.

ಮೂರು ದಶಕ ವಾರ್ಡಿನಲ್ಲಿ ನರ್ಸ್ ಆಗಿ ದುಡಿದವಳು ನಾನು. ಈ ಪಥ್ಯದಿಂದ ಸತ್ತವರು ಎಷ್ಟು ಎಂದು ಯಾರೂ ಎಣಿಸಿಲ್ಲ. ಎಣಿಸುವ ರಿವಾಜೂ ಇಲ್ಲ, ಯಾಕೆಂದರೆ ಅವರ ಸಾವು ಯಾವಾಗಲೂ ಲಿವರಿನ ಖಾತೆಗೆ ಬೀಳುತ್ತದೆ. ಹಸಿವಿನ ಹೆಸರಿನಲ್ಲಿ ಖಾತೆಯೇ ತೆರೆದಿಲ್ಲ.

ಒಬ್ಬನ ಕತೆ ಹೇಳುತ್ತೇನೆ. ಬನಹಟ್ಟಿ ಕಡೆಯ ನೇಕಾರ, ವಯಸ್ಸು ನಲವತ್ತರ ಆಸುಪಾಸು, ಹದಿನೈದು ವರ್ಷದ ಕುಡಿತ. ಹೊಟ್ಟೆ ಗಡಿಗೆಯಂತೆ ಉಬ್ಬಿತ್ತು, ತೋಳು ಮಾತ್ರ ಕಡ್ಡಿ. ಕಣ್ಣಿನ ಪಕ್ಕ, ಕಪಾಳದ ಮೇಲೆ, ಬೆರಳು ಕೂರುವಷ್ಟು ತಗ್ಗು. ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ 58 ಕಿಲೋ ತೋರಿಸಿತು. ಹೆಂಡತಿಗೆ ಅದೇ ಸಮಾಧಾನ. "ತೂಕೇನ ಇಳದಿಲ್ಲರೀ ಅಕ್ಕಾರ, ಮೊದಲಿನಷ್ಟ ಐತಿ" ಅಂದಳು. ಆ 58ರಲ್ಲಿ ಮನುಷ್ಯ ಎಷ್ಟು, ನೀರೆಷ್ಟು? ಮರುದಿನ ಹೊಟ್ಟೆಗೆ ಸೂಜಿ ಹಾಕಿ ತೆಗೆದದ್ದೇ ಏಳು ಲೀಟರ್. ಉಳಿದ ನೀರು ಇನ್ನೂ ಒಳಗಿತ್ತು, ಕಾಲಿನ ಬಾವು ಬೇರೆ. ಮೈಯ ಮಾಂಸ ಕರಗಿ ಹೋದ ಜಾಗದಲ್ಲಿ ನೀರು ಬಂದು ಕೂತಿತ್ತು, ತಕ್ಕಡಿಗೆ ಎರಡೂ ಒಂದೇ.

ಅವಳ ಡಬ್ಬಿ ತೆಗೆಸಿ ನೋಡಿದೆ. ಅನ್ನ, ಮಜ್ಜಿಗೆ. ಎರಡೂವರೆ ತಿಂಗಳಿಂದ ಅದೇ.

"ಬ್ಯಾಳಿ ಯಾಕ ಹಾಕಿಲ್ಲವಾ?"

"ಬ್ಯಾಳಿ ಹಳದಿ ಅಲ್ಲರೀ? ಕಾಮಣಿ ಏರತೈತಿ ಅಂದ್ರು."

ಯಾರು ಅಂದರು ಎಂದು ಕೇಳಿದರೆ ಇಡೀ ಓಣಿಯ ಹೆಸರು ಹೇಳಬೇಕಾಗುತ್ತಿತ್ತು.

ಇಲ್ಲಿಂದಲೇ ಶುರು ಮಾಡೋಣ. ಹಳದಿ ತಿಂದರೆ ಹಳದಿ ಏರುತ್ತದೆ ಎಂಬುದು ಕೇಳಲಿಕ್ಕೆ ಸರಳ, ಆದ್ದರಿಂದ ನಂಬಲಿಕ್ಕೂ ಸುಲಭ. ಆದರೆ ಕಣ್ಣಿನಲ್ಲಿ ಕಾಣುವ ಹಳದಿ ತಾಟಿನಿಂದ ಬಂದದ್ದಲ್ಲ. ನಮ್ಮ ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕಿ ಒಡೆಯುತ್ತದೆ. ಒಡೆದಾಗ ಅದರೊಳಗಿನ ಬಣ್ಣ ಬಿಲಿರುಬಿನ್ ಆಗುತ್ತದೆ. ಅದನ್ನು ಪಿತ್ತದೊಂದಿಗೆ ಹೊರಗೆ ಹಾಕುವ ಕೆಲಸ ಲಿವರಿನದು. ಲಿವರ್ ಸೋತಾಗ ಅದು ಮೈಯಲ್ಲೇ ಉಳಿಯುತ್ತದೆ, ಅಷ್ಟೇ. ತೊಗರಿಬೇಳೆಗೂ ಅದಕ್ಕೂ ಯಾವ ಬೀಗತನವೂ ಇಲ್ಲ. ಬಣ್ಣದ ಲೆಕ್ಕವೇ ಹಿಡಿಯುವುದಾದರೆ ರಕ್ತ ಕಡಿಮೆಯಾದವನಿಗೆ ಬರೀ ಮೆಣಸಿನಕಾಯಿ ತಿನ್ನಿಸಬೇಕು.

ಬೇಳೆ ಹೋಯಿತು, ತತ್ತಿ ಹೋಯಿತು, ಕಾಳು "ಜಡ" ಎಂದು ಹೋಯಿತು, ಶೇಂಗಾ "ಪಿತ್ತ" ಎಂದು ಹೋಯಿತು, ಹಾಲು "ಕಫ" ಎಂದು ಹೋಯಿತು. ಉಳಿದದ್ದರಲ್ಲಿ ಮೈಕಟ್ಟುವ ಪ್ರೊಟೀನು ದಿನಕ್ಕೆ ಇಪ್ಪತ್ತು ಗ್ರಾಂ ದಾಟುವುದು ಕಷ್ಟ. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆದವನಿಗೆ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನು ಬೇಕೆಂಬುದು ಇವತ್ತು ಜಗತ್ತಿನ ತಜ್ಞರು ಒಪ್ಪಿದ ಮಾತು. 50 ಕಿಲೋ ಮನುಷ್ಯನಿಗೆ 60ರಿಂದ 75 ಗ್ರಾಂ. ಅಂದರೆ ಗಟ್ಟಿಮುಟ್ಟಾದವನಿಗಿಂತ ಹೆಚ್ಚು. ನಾವು ಕೊಡುತ್ತಿರುವುದು ಅದರ ಮೂರರಲ್ಲಿ ಒಂದು ಪಾಲು.

ಹೆಚ್ಚು ಯಾಕೆ ಬೇಕು? ಊಟದ ಶಕ್ತಿಯನ್ನು ಕಣಜದಂತೆ ಕೂಡಿಟ್ಟುಕೊಂಡು ರಾತ್ರಿಯೆಲ್ಲ ಸ್ವಲ್ಪಸ್ವಲ್ಪ ಬಿಡುವುದು ಲಿವರಿನ ಕೆಲಸ. ಸಿರೋಸಿಸ್ ಆದವನ ಕಣಜ ಕುಗ್ಗಿರುತ್ತದೆ. ರಾತ್ರಿ ಎಂಟಕ್ಕೆ ಉಂಡು ಬೆಳಿಗ್ಗೆ ಎಂಟಕ್ಕೆ ಚಹಾ ಕುಡಿಯುವ ಹೊತ್ತಿಗೆ, ನಾವು ನೀವು ಎರಡು ಮೂರು ದಿನ ನಿರಾಹಾರ ಇದ್ದರೆ ಆಗುವಷ್ಟು ನಷ್ಟ ಅವನ ಮೈಯಲ್ಲಿ ಆಗಿರುತ್ತದೆ. ಕಣಜ ಖಾಲಿಯಾದ ಮೇಲೆ ಮೈ ತನ್ನ ಮಾಂಸವನ್ನೇ ಕರಗಿಸಿಕೊಂಡು ಉಣ್ಣುತ್ತದೆ. ದಿನವೂ ಹೀಗೆ ಏಕಾದಶಿ ಮಾಡುವವನಿಗೆ ಮೇಲಿಂದ ನಾವು ಪಥ್ಯ ಹೇರುತ್ತೇವೆ.

ಹಾಗಾದರೆ ಪಥ್ಯ ಹಿಡಿದು, ನಾಟಿ ಔಷಧ ಕುಡಿದು ಗುಣವಾದ ನೂರಾರು ಜನ ಸುಳ್ಳೇ ಎಂದು ನೀವು ಕೇಳುತ್ತೀರಿ. ಸುಳ್ಳಲ್ಲ. ಅವರು ಗುಣವಾದದ್ದು ನಿಜ, ಗುಣ ಮಾಡಿದವರು ಯಾರು ಎಂಬುದಷ್ಟೇ ಪ್ರಶ್ನೆ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತವೆ. ನಮ್ಮ ನೇಕಾರರ ಬೀಗರು-ಬಿಜ್ಜರು ತುಂಬಿರುವ ಇಚಲಕರಂಜಿಯಲ್ಲಿ 2012ರಲ್ಲಿ ಸಾವಿರಾರು ಜನಕ್ಕೆ ಕಾಮಣಿ ಬಂದಿತ್ತು. ಅಲ್ಲೂ ಬಹಳ ಜನ ಹಾಗೇ ಚೇತರಿಸಿಕೊಂಡರು. ಸತ್ತವರೂ ಇದ್ದರು. ಬಸುರಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿರುವವರಿಗೆ, ಹೆಪಟೈಟಿಸ್ ಇ ಯಮನಂಥದ್ದು. ಇಳಿಯುವ ಕಾಯಿಲೆಗೆ ಯಾವ ಸೊಪ್ಪು ಅರೆದು ಕೊಟ್ಟರೂ ಸೊಪ್ಪೇ ಗೆಲ್ಲುತ್ತದೆ. ಇನ್ನು ಇಳಿಯದೆ ಸತ್ತವನ ಬಗ್ಗೆ ಔಷಧ ಕೊಟ್ಟವರ ಬಳಿ ಸಿದ್ಧ ಉತ್ತರವಿದೆ: "ಪಥ್ಯ ಮುರದ, ಅದಕ್ಕ." ಪಥ್ಯ ಅಷ್ಟೊಂದು ಕಠಿಣವಾಗಿರುವುದು ಅದಕ್ಕೇ. ಯಾರೂ ಪೂರ್ತಿ ಪಾಲಿಸಲಾಗದಂಥ ನಿಯಮ ಇಟ್ಟರೆ ಔಷಧ ಎಂದಿಗೂ ಸೋಲುವುದಿಲ್ಲ, ರೋಗಿಯೇ ಸೋಲುತ್ತಾನೆ.

ಕೈಗೆ ಯಾವುದೋ ತೊಗಟೆಯ ರಸ ತಿಕ್ಕಿ, ಸುಣ್ಣದ ನೀರಿನಲ್ಲಿ ತೊಳೆಸಿ, "ನೋಡ್ರಿ, ಕಾಮಣಿ ಹೆಂಗ ಇಳೀತು" ಎಂದು ಹಳದಿ ನೀರು ತೋರಿಸುವ ವಿದ್ಯೆ ದೇಶದ ತುಂಬ ಇದೆ. ಅರಿಸಿಣದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ ಎಂಬುದು ಆರತಿ ತಾಟು ಹಿಡಿದ ಪ್ರತಿ ಹೆಂಗಸಿಗೂ ಗೊತ್ತು. ಆ ಕೆಂಪನ್ನು ನೋಡಿ ಯಾರೂ ರಕ್ತ ಇಳಿಯಿತು ಅನ್ನುವುದಿಲ್ಲ. ಈ ಹಳದಿಯ ಮುಂದೆ ಮಾತ್ರ ಕೈ ಮುಗಿಯುತ್ತೇವೆ.

ಸೊಪ್ಪಿನ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾದೀತು. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ನೆಲನೆಲ್ಲಿಯನ್ನು ಹೆಪಟೈಟಿಸ್ ಬಿ ಇದ್ದವರಿಗೆ ಕೊಟ್ಟು ನೋಡಿದರು. ಶೇ 59 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಕಾಣದಾಯಿತು ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಜೊತೆಗೆ ಸಹಿ ಹಾಕಿದವರಲ್ಲಿ ಆ ವೈರಸ್ಸನ್ನೇ ಕಂಡುಹಿಡಿದು ನೊಬೆಲ್ ಪಡೆದ ಬ್ಲಂಬರ್ಗ್ ಇದ್ದರು. ಜಗತ್ತು ನಗಲಿಲ್ಲ, ಬೇರೆ ಬೇರೆ ಕಡೆ ಅದೇ ಪ್ರಯೋಗ ಮಾಡಿತು. ಆ ಫಲ ಮತ್ತೆ ಸಿಗಲಿಲ್ಲ. ಇನ್ನೊಂದು ಕಡೆ, ಕೊರೊನಾ ಕಾಲದಲ್ಲಿ ಮನೆಮನೆಯಲ್ಲಿ ಕುದಿಸಿ ಕುಡಿದ ಅಮೃತಬಳ್ಳಿಯಿಂದ ಲಿವರಿಗೆ ಪೆಟ್ಟು ಬಿದ್ದವರ ವರದಿಯನ್ನು 2021ರಲ್ಲಿ ಮುಂಬೈ ವೈದ್ಯರು ಬರೆದರು. ಸೊಪ್ಪೆಂದರೆ ಅಪಾಯವಿಲ್ಲ ಅನ್ನುವವರು ದತ್ತೂರಿಯೂ ಗಿಡವೇ ಎಂಬುದನ್ನು ಮರೆಯುತ್ತಾರೆ.

ಪಥ್ಯ ನಮ್ಮ ಪ್ರಾಚೀನ ವೈದ್ಯದ್ದು, ಅದನ್ನು ಇಂಗ್ಲಿಷ್ ಔಷಧದವರು ತಿಳಿಯಲಾರರು ಎಂಬ ವಾದ ಇನ್ನೊಂದು. ಹಾಗನ್ನುವವರು ಚರಕ ಸಂಹಿತೆಯ ಚಿಕಿತ್ಸಾಸ್ಥಾನದ ಪಾಂಡುರೋಗದ ಅಧ್ಯಾಯವನ್ನು ಒಮ್ಮೆ ತೆರೆಯಬೇಕು. ಕಾಮಲಾ ಬರುವುದೂ ಅದೇ ಅಧ್ಯಾಯದಲ್ಲಿ. ಅಲ್ಲಿ ರೋಗಿಗೆ ಹೇಳಿದ ಊಟ ಏನು ಗೊತ್ತೇ? ಹಳೆಯ ಅಕ್ಕಿ, ಜವೆ, ಗೋಧಿ. ಅವುಗಳ ಜೊತೆ ಹೆಸರು, ತೊಗರಿ, ಚನ್ನಂಗಿಯ ಕಟ್ಟು. ಮೇಲೆ ಒಣಭೂಮಿಯ ಪ್ರಾಣಿಗಳ ಮಾಂಸದ ಸಾರು. ಎರಡು ಸಾವಿರ ವರ್ಷದ ಹಿಂದಿನವರು ಕಾಮಣಿಯವನಿಗೆ ತೊಗರಿಬೇಳೆ ಉಣ್ಣಿಸಿದ್ದಾರೆ. ಬೇಳೆ ಬಿಡಿಸಿದವರು ಚರಕರಲ್ಲ, ನಮ್ಮ ಅಕ್ಕಪಕ್ಕದವರು.

ಅಕ್ಕಪಕ್ಕದವರನ್ನು ಬೈದು ಆಸ್ಪತ್ರೆಯನ್ನು ಬಿಟ್ಟರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ. ತಪ್ಪಿನ ದೊಡ್ಡ ಪಾಲು ನಮ್ಮದೇ. ನಾನು ಕಲಿಯುವಾಗ, ಲಿವರ್ ಕೆಟ್ಟು ಮಂಪರು ಬಂದವನಿಗೆ ಪ್ರೊಟೀನು ಬಂದ್ ಮಾಡಬೇಕು ಎಂದೇ ಪಾಠವಿತ್ತು. ಅದರ ಬೇರು 1893ರಷ್ಟು ಹಿಂದಿನದು. ರಷ್ಯಾದಲ್ಲಿ ಪಾವ್ಲೋವ್ ಮತ್ತು ಸಂಗಡಿಗರು ನಾಯಿಗಳ ಕರುಳಿನ ರಕ್ತ ಲಿವರಿಗೆ ಹೋಗದಂತೆ ನಾಳ ತಿರುಗಿಸಿ ಹೊಲಿದರು. ಆ ನಾಯಿಗಳಿಗೆ ಮಾಂಸ ಹಾಕಿದರೆ ತಲೆ ಕೆಟ್ಟಂತೆ ಆಡುತ್ತಿದ್ದವು. (ನಾಯಿಯ ವಿಷಯದಲ್ಲಿ, ಬೇಟೆನಾಯಿಗೆ ಹೆಸರಾದ ಮುಧೋಳದವರಿಗೆ ಬುದ್ಧಿ ಹೇಳುವ ಧೈರ್ಯ ನನಗಿಲ್ಲ, ಆದರೆ ನಾಯಿಗೆ ಆದದ್ದೆಲ್ಲ ಮನುಷ್ಯನಿಗೂ ಆಗಬೇಕಿಲ್ಲ.) ನೂರು ವರ್ಷ ಆ ನಾಯಿಗಳ ನೆನಪಿನಲ್ಲಿ ಮನುಷ್ಯರನ್ನು ಉಪವಾಸ ಕೆಡವಲಾಯಿತು. 2004ರಲ್ಲಿ ಬಾರ್ಸಿಲೋನಾದ ವೈದ್ಯರು ಮಂಪರಿನಲ್ಲಿ ಸೇರಿದ ಮೂವತ್ತು ರೋಗಿಗಳನ್ನು ಎರಡು ಪಾಲು ಮಾಡಿ ನೋಡಿದರು. ಒಂದು ಪಾಲಿಗೆ ಪ್ರೊಟೀನು ಕಡಿಮೆ, ಇನ್ನೊಂದಕ್ಕೆ ಎಂದಿನಷ್ಟು. ಕಡಿಮೆ ಕೊಟ್ಟವರ ಮಂಪರು ಬೇಗ ಇಳಿಯಲಿಲ್ಲ, ಬದಲಿಗೆ ಅವರ ಮೈಮಾಂಸ ಹೆಚ್ಚು ಕರಗಿತು. ಪುಸ್ತಕ ಬದಲಾಯಿತು. ಡಿಸ್ಚಾರ್ಜ್ ಚೀಟಿಯ ಮೇಲೆ ಬರೆಯುವ ಕೈ ಬದಲಾಗಲಿಲ್ಲ. ಇವತ್ತಿಗೂ "ಎಣ್ಣಿ, ಖಾರ, ಬ್ಯಾಳಿ ಬ್ಯಾಡ" ಎಂದು ಒಂದೇ ಉಸಿರಿನಲ್ಲಿ ಹೇಳಿ ಕಳಿಸುವವರು ಇದ್ದಾರೆ. ಓಣಿಯ ಮಾತಿಗೆ ಮೊಹರು ಬಿತ್ತು ಅಷ್ಟೇ.

ಬಾಟ್ಲಿಯ ಭ್ರಮೆಯೂ ಅಂಥದ್ದೇ. "ಊಟ ಹೋಗವಲ್ದು, ಎರಡ ಬಾಟ್ಲಿ ಹಚ್ಚರಿ" ಎಂದು ಬರುವವರಿಗೆ ಲೆಕ್ಕ ಹೇಳುತ್ತೇನೆ. ಅರ್ಧ ಲೀಟರಿನ ಐದು ಪರ್ಸೆಂಟ್ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಅದರಿಂದ ಸಿಗುವ ಶಕ್ತಿ ಒಂದು ಜೋಳದ ರೊಟ್ಟಿಯಷ್ಟೂ ಇಲ್ಲ. ಸಲೈನ್ ಆದರೆ ಇನ್ನೂ ತಮಾಷೆ. ಅರ್ಧ ಲೀಟರಿಗೆ ನಾಲ್ಕೂವರೆ ಗ್ರಾಂ ಉಪ್ಪು. ಹೊಟ್ಟೆಯಲ್ಲಿ ನೀರು ತುಂಬಿದವನಿಗೆ ದಿನಕ್ಕೆ ಐದು ಗ್ರಾಂ ಮೀರಬಾರದು ಅನ್ನುತ್ತೇವೆ. ಮನೆಯವರು ಅನ್ನಕ್ಕೆ ಚಿಟಿಕೆ ಉಪ್ಪು ಹಾಕದೆ ತಂದಿರುತ್ತಾರೆ, ನಾವು ನರದಲ್ಲಿ ಒಂದು ದಿನದ ಉಪ್ಪನ್ನು ಎರಡು ತಾಸಿನಲ್ಲಿ ಸುರಿಯುತ್ತೇವೆ. ರಕ್ತ ಹೋದಾಗ, ವಾಂತಿಭೇದಿಯಲ್ಲಿ ಸಲೈನ್ ಬೇಕು, ಅದನ್ನು ವೈದ್ಯರು ತೀರ್ಮಾನಿಸುತ್ತಾರೆ. ಕೇಳಿದರು ಅಂತ ಹಚ್ಚುವುದು ಆರೈಕೆ ಅಲ್ಲ.

ಉಪ್ಪಿನ ಮಾತು ಬಂತು. ನಮ್ಮ ಜೋಳದ ರೊಟ್ಟಿಗೆ ಉಪ್ಪೇ ಹಾಕುವುದಿಲ್ಲ. ಜಲೋದರದ ರೋಗಿಗೆ ಹೇಳಿ ಮಾಡಿಸಿದಂಥ ಊಟ ನಮ್ಮ ಒಲೆಯ ಮೇಲೇ ಬೇಯುತ್ತಿದೆ. ಅದನ್ನು "ಜಡ" ಎಂದು ಬಿಡಿಸಿ, ರೋಗಿಯನ್ನು ನೋಡಲು ಬರುವವರೆಲ್ಲ ಬ್ರೆಡ್ಡು, ಟೋಸ್ಟು, ಖಾರಿ ಹಿಡಿದು ಬರುತ್ತಾರೆ. ಎಲ್ಲದರಲ್ಲೂ ಉಪ್ಪಿದೆ. ಪಲ್ಯಕ್ಕೆ ಉಪ್ಪು ಬಿಟ್ಟ ತಾಯಿಯೇ "ಬಾಯಿ ಕೆಟ್ಟೈತಿ ಕೂಸಿಗೆ" ಎಂದು ನಿಂಬೆ ಉಪ್ಪಿನಕಾಯಿಯ ಹೋಳು ನೆಕ್ಕಿಸುತ್ತಾಳೆ. ಸಂಡಿಗೆ, ಹಪ್ಪಳ, ಚುರಮುರಿಯ ಫರಸಾಣ ಯಾವುವೂ ಪಥ್ಯದಲ್ಲಿ ಬಿಡಬೇಕಾದವುಗಳ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ನೀರು ತುಂಬದ, ಬರೀ ಕಣ್ಣು ಹಳದಿಯಾದ ರೋಗಿಗೆ ಉಪ್ಪು ಬಿಡಿಸುವ ಕಾರಣವೇ ಇಲ್ಲ. ಅವನಿಗೆ ಮೊದಲೇ ಹಸಿವಿಲ್ಲ, ಸಪ್ಪೆ ಕೊಟ್ಟರೆ ತುತ್ತೂ ಎತ್ತುವುದಿಲ್ಲ.

ಕಬ್ಬಿನ ಹಾಲಿನ ಬಗ್ಗೆ ಬರೆದರೆ ಮಹಾಲಿಂಗಪುರದ ಬೆಲ್ಲದ ಪೇಟೆಯವರಿಗೂ ಸಿಟ್ಟು ಬಂದೀತು. ಆದರೂ ಬರೆಯುತ್ತೇನೆ. ಒಂದು ಲೋಟದಲ್ಲಿ ಏಳೆಂಟು ಚಮಚ ಸಕ್ಕರೆ, ಪ್ರೊಟೀನು ಸೊನ್ನೆ. ಮನೆಯ ಹೊಲದ ಕಬ್ಬನ್ನು ತೊಳೆದು ಹಿಂಡಿ ಕೊಟ್ಟರೆ ಸಕ್ಕರೆ ಕಾಯಿಲೆ ಇಲ್ಲದವನಿಗೆ ಕೆಡುಕಿಲ್ಲ, ಔಷಧವೂ ಅಲ್ಲ. ರಸ್ತೆ ಬದಿಯ ಗಾಣದ್ದಾದರೆ ಆ ಬರ್ಫು ಯಾವ ನೀರಿನದು, ಲೋಟ ಅದ್ದುವ ಬಕೆಟ್ಟು ಬೆಳಗಿನಿಂದ ಎಷ್ಟು ಜನರ ಬಾಯಿ ಕಂಡಿದೆ ನೋಡಿ. ಕಾಮಣಿ ಬರುವ ದಾರಿಯಲ್ಲೇ ಕಾಮಣಿಯ ಔಷಧ ಮಾರುತ್ತಿದ್ದಾರೆ.

ಮತ್ತೆ ಆ ನೇಕಾರನ ಹತ್ತಿರ ಬರುತ್ತೇನೆ. ಸೇರಿದ ಎರಡನೆಯ ದಿನ ಅವನು ಹಗಲೆಲ್ಲ ಮಲಗಿದ, ರಾತ್ರಿ ಕಣ್ಣು ಬಿಟ್ಟು ಕೂತ. ಕೇಸಿನ ಹಾಳೆಯಲ್ಲಿ "ನಿದ್ದೆ ಚೆನ್ನಾಗಿದೆ" ಎಂದು ಹಗಲಿನ ಪಾಳಿಯವರು ಬರೆದಿದ್ದರು. ಹೆಂಡತಿಯ ಪಕ್ಕ ಕೂತು ಮನೆಯ ವಿಚಾರ ತೆಗೆದಾಗ ಅವಳು ಅಂದಳು: "ಬರೂಕಿಂತ ಮೂರ ದಿನ ಮೊದಲಿಂದ ಎಳಿ ಕೂಡಸಾಕ ಬರವಲ್ದಾಗಿತ್ತರೀ. ಹರದ ಎಳಿ ಕೈಯಾಗ ಹಿಡಕೊಂಡ ಹಂಗ ನೋಡಕೋತ ಕುಂದರತಿದ್ರು." ಮಗ್ಗದ ಮೇಲೆ ಬೆಳೆದ ಮನುಷ್ಯ ಎಳೆ ಗಂಟು ಹಾಕಲು ಮರೆತಿದ್ದಾನೆ. ಮಿದುಳಿಗೆ ವಿಷ ಏರುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ. ಅವಳು ಅದನ್ನು ಕಂಡಿದ್ದಳು. ನಾವು ಕೇಳಲು ಎರಡು ದಿನ ತಡ ಮಾಡಿದ್ದೆವು. ಅವನಿಗೆ, ಕೈ ಮುಂದೆ ಚಾಚಿ ಅಂಗೈ ಮೇಲೆತ್ತು ಅಂದೆ. ಬಸ್ಸಿಗೆ ಕೈ ತೋರಿಸಿದ ಹಾಗೆ ಬೆರಳು ಜೋಲಿ ಜೋಲಿ ಬೀಳುತ್ತಿದ್ದವು. ಸಂಡಾಸಿಗೆ ಹೋಗಿ ಎಷ್ಟು ದಿನ? ನಾಲ್ಕು.

ಅನ್ನ-ಮಜ್ಜಿಗೆಯ ಮೇಲೆ ಇದ್ದವನಿಗೆ ಕರುಳು ಕಟ್ಟದೆ ಇನ್ನೇನಾದೀತು? ಕರುಳಿನಲ್ಲಿ ಕೂತ ಮಲದಿಂದ ಏಳುವ ಅಮೋನಿಯಾವನ್ನು ಆರೋಗ್ಯವಾಗಿರುವ ಲಿವರ್ ಹೀರಿ ಸೋಸುತ್ತದೆ. ಇಲ್ಲದಿದ್ದರೆ ಅದು ನೇರ ತಲೆಗೆ. ಅದಕ್ಕೇ ಲ್ಯಾಕ್ಟುಲೋಸ್ ಎಂಬ ಸಿಹಿ ಔಷಧ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಆಗಬೇಕು, ನೀರಾಗಿ ಐದಾರು ಸಲ ಆದರೆ ಅದೂ ಅಪಾಯ. ಇದನ್ನು ಎಣಿಸುವವರು ಯಾರು? ವೈದ್ಯರು ಬರುವುದು ಐದು ನಿಮಿಷಕ್ಕೆ. ಎಣಿಸಬೇಕಾದವಳು ನರ್ಸ್, ಮನೆಗೆ ಹೋದ ಮೇಲೆ ಹೆಂಡತಿ ಅಥವಾ ತಾಯಿ. ಆದರೆ "ಜುಲಾಬಿನಿಂದ ನಿಶ್ಯಕ್ತಿ ಆಗತೈತಿ" ಎಂದು ಮನೆಯಲ್ಲಿ ಮೊದಲು ನಿಲ್ಲಿಸುವುದೇ ಆ ಬಾಟಲಿಯನ್ನು. ಬೇಳೆ ನಿಲ್ಲಿಸಿ ನಿಶ್ಯಕ್ತಿ ತಂದವರು ಲ್ಯಾಕ್ಟುಲೋಸಿನ ಮೇಲೆ ಗೂಬೆ ಕೂರಿಸುತ್ತಾರೆ.

ಮಂಪರು ಎಷ್ಟು ಇಳಿಯಿತು ಎಂದು ನೋಡಲು ಅವನ ಕೇಸಿನ ಹಾಳೆಯ ಹಿಂದೆ ದಿನಾ ಬೆಳಿಗ್ಗೆ ಅವನಿಂದ ಸಹಿ ಮಾಡಿಸಲು ಶುರು ಮಾಡಿದೆ. ಮೊದಲ ದಿನದ್ದು ಕೋಳಿ ಕೆದರಿದಂತೆ ಗೀಟು. ಮೂರನೆಯ ದಿನ ಒಂದು ಅಕ್ಷರ ಕಂಡಿತು, ಒತ್ತು ಬಿಟ್ಟಿತ್ತು. ಆರನೆಯ ದಿನ ಪೂರ್ತಿ ಹೆಸರು, ಕೆಳಗೆ ಒಂದು ಗೀಟು ಬೇರೆ ಎಳೆದ. ಆ ವಾರದಲ್ಲಿ ಅವನಿಗೆ ಹೆಸರುಬೇಳೆ, ತತ್ತಿ, ಮೊಸರು, ರೊಟ್ಟಿ ಎಲ್ಲ ಹೋಗಿತ್ತು, ಸ್ವಲ್ಪ ಸ್ವಲ್ಪ, ದಿನಕ್ಕೆ ಆರು ಸಲ. ಓಕರಿಕೆ ಇರುವವರಿಗೆ ಬೆಳಗಿನ ಹೊತ್ತು ಹೊಟ್ಟೆ ಹಗುರ, ಸಂಜೆಯಾದಂತೆ ಬೇಡವಾಗುತ್ತದೆ. ಆದ್ದರಿಂದ ದೊಡ್ಡ ಊಟ ಬೆಳಿಗ್ಗೆಯೇ. ಬೇಳೆ ತಿಂದು ಅವನ ಹಳದಿ ಏರಲಿಲ್ಲ ಎಂಬುದನ್ನು ಬೇರೆ ಹೇಳಬೇಕೇ? ಅವನ ಹೆಂಡತಿ ದಿನಾ ಅವನ ಕಣ್ಣು ಅಗಲಿಸಿ ನೋಡುತ್ತಿದ್ದಳು, ನನ್ನ ಮೇಲೆ ನಂಬಿಕೆ ಬಂದದ್ದು ಹದಿನೈದನೆಯ ದಿನ.

ಇಷ್ಟು ಕಂಡ ಮೇಲೆ ನನಗೆ ಒಂದು ಅನುಮಾನ ಗಟ್ಟಿಯಾಗಿದೆ. ಕುಡಿದು ಲಿವರ್ ಕಳೆದುಕೊಂಡವನ ಮನೆಯಲ್ಲಿ ಪಥ್ಯ ಬರೀ ಪಥ್ಯವಾಗಿ ಉಳಿಯುವುದಿಲ್ಲ, ಪ್ರಾಯಶ್ಚಿತ್ತವಾಗುತ್ತದೆ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ನಮ್ಮ ವಾರ್ಡು ಖಾಲಿಯಾಗುತ್ತದೆ ಎಂದುಕೊಂಡಿದ್ದೆವು. ಪಾಕೀಟು ಹೋಗಿ ಬಾಟಲಿ ಬಂತು, ಹಾಸಿಗೆ ಖಾಲಿಯಾಗಲಿಲ್ಲ. ಅಂಥವನಿಗೆ ಸಪ್ಪೆ ಅನ್ನ ಇಡುವಾಗ "ಉಣ್ಣಲಿ, ಮಾಡಿದ್ದನ್ನ" ಎಂಬ ಸಿಟ್ಟು ತಾಟಿನಲ್ಲಿ ಇರುತ್ತದೆ. ಹದಿನೈದು ವರ್ಷ ಪೆಟ್ಟು ತಿಂದ ಹೆಂಡತಿಯ ಸಿಟ್ಟು ನನಗೆ ಅರ್ಥವಾಗುತ್ತದೆ. ಅವಳಿಗೆ ನಾನು ಬುದ್ಧಿ ಹೇಳಲಾರೆ. ಆದರೆ ವಾರ್ಡಿನಲ್ಲಿ ನಾವೂ ಅದೇ ಸಿಟ್ಟಿನಿಂದ "ಕುಡುಕರ ಬೆಡ್ಡು" ಎಂದು ಮೂಲೆಯ ಹಾಸಿಗೆಗೆ ಹೆಸರಿಟ್ಟಿದ್ದೆವಲ್ಲ, ಅದಕ್ಕೆ ಕ್ಷಮೆ ಇಲ್ಲ.

ಆ ನೇಕಾರ ಕುಡಿತ ಬಿಟ್ಟ, ಮುಂದೆ ಮೂರು ವರ್ಷ ಇದ್ದ. ಲಿವರ್ ಹೊಸದಾಗಲಿಲ್ಲ. ಮಗ್ಗಕ್ಕೆ ಮಾತ್ರ ವಾಪಸ್ ಕೂತ.

ನಿಮ್ಮ ಮನೆಯಲ್ಲಿ ಲಿವರ್ ಕೆಟ್ಟವರು ಇದ್ದರೆ ಇವತ್ತು ರಾತ್ರಿ ಹತ್ತಕ್ಕೆ, ಅವರು ಮಲಗುವ ಮೊದಲು, ಒಂದು ಲೋಟ ಹಾಲಿನಲ್ಲಿ ಅರ್ಧ ರೊಟ್ಟಿ ಮುರಿದು ಹಾಕಿ ಕೊಡಿ. ಬೆಳಿಗ್ಗೆ ಎದ್ದ ಕೂಡಲೇ, ಚಹಾಕ್ಕೂ ಮೊದಲು, ಇವತ್ತು ಯಾವ ವಾರ ಅಂತ ಕೇಳಿ. ತಪ್ಪು ಹೇಳಿದರೆ, ಅಥವಾ ಸಂಡಾಸು ಡಾಂಬರಿನಂತೆ ಕರ್ರಗೆ ಹೋದರೆ, ಯಾರ ಮಾತಿಗೂ ಕಾಯದೆ ಗಾಡಿ ಹತ್ತಿಸಿ. ಡಬ್ಬಿ ಕಟ್ಟುವಾಗ ಬೇಳೆ ಹಾಕಿ.